ಸಾಲ ಸಿಕ್ಕ ಮೇಲೆ ದುಡ್ಡು ಯಾರ ಕೈಯಲ್ಲಿ?

ಮಹಿಳೆಯರು ಮತ್ತು ಯುವಜನರು ನಡೆಸುವ ಸಣ್ಣ ಉದ್ದಿಮೆಗಳ ಕುರಿತು ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಜೂನ್ 27ನ್ನು ವಿಶ್ವಸಂಸ್ಥೆ ಸಣ್ಣ ಉದ್ದಿಮೆಗಳ ದಿನವನ್ನಾಗಿ ಆಚರಿಸುತ್ತದೆ. ಆ ದಿನದ ಹೇಳಿಕೆಗಳಲ್ಲಿ ಮಹಿಳೆಯರು ಮತ್ತು ಯುವಜನರ ಹೆಸರೇ ಮುಂದಾಗಿ ಕೇಳಿಬರುತ್ತದೆ. ವ್ಯಾಪಾರ ಮಾಡುವವರು ಯಾರಾದರೇನು, ಲಾಭ ನಷ್ಟದ ಲೆಕ್ಕ ಎಲ್ಲರಿಗೂ ಒಂದೇ ಅಲ್ಲವೇ? ಇವರಿಗೆ ಪ್ರತ್ಯೇಕ ಬೆಂಬಲ ಏಕೆ?

ಉತ್ತರ: ಲಾಭ ನಷ್ಟದ ಲೆಕ್ಕ ಒಂದೇ, ನಿಜ. ಆದರೆ ಆ ಲೆಕ್ಕದ ಪುಸ್ತಕವನ್ನು ತೆರೆಯುವ ಹಂತಕ್ಕೆ ಬರುವ ದಾರಿ ಎಲ್ಲರಿಗೂ ಒಂದೇ ಆಗಿಲ್ಲ. 2017ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಈ ದಿನವನ್ನು ನಿಗದಿಪಡಿಸಿತು. ವಿಶ್ವಸಂಸ್ಥೆ ಕೊಡುವ ಅಂದಾಜಿನ ಪ್ರಕಾರ ಜಗತ್ತಿನ ಉದ್ದಿಮೆಗಳಲ್ಲಿ ಶೇ. 90ರಷ್ಟು ಕಿರು, ಸಣ್ಣ ಮತ್ತು ಮಧ್ಯಮ ಗಾತ್ರದವು, ಉದ್ಯೋಗದಲ್ಲಿ ಶೇ. 60ರಿಂದ 70ರಷ್ಟು, ಒಟ್ಟು ಉತ್ಪನ್ನದಲ್ಲಿ ಅರ್ಧದಷ್ಟು ಇವುಗಳಿಂದಲೇ ಬರುತ್ತದೆ. ಹೀಗಿದ್ದೂ ಅಭಿವೃದ್ಧಿಶೀಲ ದೇಶಗಳಲ್ಲಿ ನೋಂದಾಯಿತವಾದ ಇಂತಹ ಉದ್ದಿಮೆಗಳ ಪೈಕಿ ಶೇ. 40ರಷ್ಟಕ್ಕೆ ಬೇಕಾದಷ್ಟು ಸಾಲ ಸಿಗುತ್ತಿಲ್ಲವೆಂದೂ, ವರ್ಷಕ್ಕೆ ಬೀಳುವ ಕೊರತೆ 5.2 ಲಕ್ಷ ಕೋಟಿ ಡಾಲರ್ ಎಂದೂ ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮವು 2017ರಲ್ಲಿ ಲೆಕ್ಕ ಹಾಕಿತ್ತು.

ಇದು ಸಣ್ಣವರೆಲ್ಲರ ಪಾಡು. ಇದರೊಳಗೆ ಮಹಿಳೆಯ ಪಾಡು ಇನ್ನೊಂದು ತೆರನಾದದ್ದು. ಆಸ್ತಿ ಅವಳ ಹೆಸರಿನಲ್ಲಿ ಇರುವುದು ಕಡಿಮೆಯಾದ್ದರಿಂದ ಅಡಮಾನಕ್ಕೆ ಇಡಲು ಏನೂ ಇರುವುದಿಲ್ಲ. ದಿನದ ಹೊತ್ತೂ ಪೂರ್ತಿಯಾಗಿ ಅವಳದಲ್ಲ: ಮನೆಯ ಕೆಲಸ, ಮಕ್ಕಳ ಮತ್ತು ಹಿರಿಯರ ಆರೈಕೆ ಎಂಬ ಸಂಬಳವಿಲ್ಲದ ದುಡಿಮೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ಹೆಂಗಸರೇ ಮಾಡುತ್ತಾರೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಹೇಳುತ್ತದೆ. ಯುವಜನರ ತೊಡಕು ಬೇರೆ. ಅವರಿಗೆ ಹೊತ್ತು ಇದೆ. ಸಾಲ ತೀರಿಸಿದ ದಾಖಲೆ, ವ್ಯಾಪಾರದ ಪರಿಚಯ, ಜಾಮೀನು ನಿಲ್ಲುವವರು ಇಲ್ಲ. ಜಗತ್ತಿನಲ್ಲಿ 15ರಿಂದ 24 ವಯಸ್ಸಿನವರಲ್ಲಿ ಐವರಿಗೆ ಒಬ್ಬರು ಓದಿನಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ, ತರಬೇತಿಯಲ್ಲೂ ಇಲ್ಲ. ಅವರಲ್ಲಿ ಮೂರನೇ ಎರಡು ಪಾಲು ಯುವತಿಯರು. ವೇದಿಕೆಗಳ ಮೇಲೆ ‘ಮಹಿಳೆಯರು ಮತ್ತು ಯುವಜನರು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ರೂಢಿಯಾಗಿದೆ. ಇಬ್ಬರ ಕಷ್ಟಕ್ಕೂ ಒಂದೇ ಮದ್ದು ಒಗ್ಗುವುದಿಲ್ಲವಾದ್ದರಿಂದ ಮುಂದಿನ ಉತ್ತರಗಳಲ್ಲಿ ಅವನ್ನು ಬೇರೆ ಬೇರೆಯಾಗಿಯೇ ನೋಡಿದ್ದೇನೆ.

ಪ್ರಶ್ನೆ: ಮಹಿಳೆಯರಿಗೆ ಕಿರುಸಾಲ ಕೊಡುವ ಯೋಜನೆಗಳು ಹತ್ತಾರು ವರ್ಷಗಳಿಂದ ಜಗತ್ತಿನೆಲ್ಲೆಡೆ ನಡೆದಿವೆ. ಸಾಲ ಪಡೆದವರು ಕಂತು ಕಟ್ಟುವುದನ್ನು ತಪ್ಪಿಸುವುದಿಲ್ಲ ಎಂದೂ ಕೇಳಿದ್ದೇನೆ. ಆದರೂ ಅವರ ವ್ಯಾಪಾರ ಇದ್ದಲ್ಲೇ ಇರುವುದೇಕೆ? ಸಾಲದ ಮೊತ್ತ ಸಾಲದೆ?

ಉತ್ತರ: ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು ಎಂದು ನನಗೆ ತೋರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಆರಂಭಿಸಿದ ಕಿರುಸಾಲದ ಪ್ರಯೋಗವು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ಒಟ್ಟಾಗಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಬಡ ಹೆಂಗಸರು ಸಾಲ ತೀರಿಸಬಲ್ಲರು ಎಂಬುದನ್ನು ಆ ಬ್ಯಾಂಕ್ ಜಗತ್ತಿಗೆ ಸಾಧಿಸಿ ತೋರಿಸಿತು. ಸಾಲ ತೀರಿಸುವುದೇ ಒಂದು, ವ್ಯಾಪಾರ ಬೆಳೆಯುವುದೇ ಇನ್ನೊಂದು. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ ಮತ್ತು ಮೊರಾಕ್ಕೊ ದೇಶಗಳಲ್ಲಿ ನಡೆದು 2015ರಲ್ಲಿ ಒಟ್ಟಿಗೆ ಪ್ರಕಟವಾದ ಆರು ಅಧ್ಯಯನಗಳಲ್ಲಿ ಕಿರುಸಾಲದಿಂದ ಕೆಲವರ ವಹಿವಾಟು ಹಿಗ್ಗಿದ್ದು ಕಂಡಿತು, ಆದರೆ ಕುಟುಂಬಗಳ ಸರಾಸರಿ ಆದಾಯದಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ.

ಕಾರಣಗಳಲ್ಲಿ ಒಂದು ಕಂತಿನ ಕ್ರಮದಲ್ಲೇ ಇದೆ. ಸಾಲ ಕೈಸೇರಿದ ಎರಡೇ ವಾರಕ್ಕೆ ಕಂತು ಆರಂಭವಾದರೆ ಸಾಲಗಾರ್ತಿಯು ಮುಂದೆ ಆದಾಯ ತರಬಲ್ಲ ಯಂತ್ರಕ್ಕೆ ಕೈಹಾಕುವುದಿಲ್ಲ. ನಾಳೆಯೇ ಮಾರಾಟವಾಗುವ ಸರಕನ್ನು ತಂದು ಮಾರಿ ಕಂತು ಕಟ್ಟುತ್ತಾಳೆ. ಕೋಲ್ಕತ್ತಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಸಾಲಗಾರ್ತಿಯರಿಗೆ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟಾಗ, ಸುಮಾರು ಮೂರು ವರ್ಷಗಳ ಬಳಿಕ ಅವರ ಬಂಡವಾಳವೂ ಲಾಭವೂ ಉಳಿದವರಿಗಿಂತ ಹೆಚ್ಚಾಗಿದ್ದವು. ಸಾಲ ಕಟ್ಟದೆ ಉಳಿಸಿಕೊಂಡವರ ಸಂಖ್ಯೆಯೂ ಅವರಲ್ಲೇ ಹೆಚ್ಚಿತ್ತು ಎಂಬುದನ್ನು ಮರೆಮಾಚಬಾರದು. ಸಾಲ ಕೊಡುವ ಸಂಸ್ಥೆಗಳು ಬಿಡುವು ಕೊಡಲು ಹಿಂಜರಿಯುವುದು ಇದಕ್ಕಾಗಿಯೇ.

ಎರಡನೆಯ ಕಾರಣ ಇನ್ನೂ ಆಳದ್ದು. ಶ್ರೀಲಂಕಾದಲ್ಲಿ ಅರ್ಥಶಾಸ್ತ್ರಜ್ಞರು ಕಿರು ಉದ್ದಿಮೆಗಳ ಒಡೆಯರಿಗೆ ಚೀಟಿ ಎತ್ತಿ 100 ಅಥವಾ 200 ಡಾಲರ್ ಬೆಲೆಯ ನಗದನ್ನೋ ಸಾಮಗ್ರಿಯನ್ನೋ ಉಚಿತವಾಗಿ ಕೊಟ್ಟರು. ಗಂಡಸರ ಉದ್ದಿಮೆಗಳಲ್ಲಿ ಲಾಭ ಚೆನ್ನಾಗಿ ಏರಿತು. ಹೆಂಗಸರ ಉದ್ದಿಮೆಗಳಲ್ಲಿ ಸರಾಸರಿಯಾಗಿ ಏನೂ ಏರಲಿಲ್ಲ. ಹೆಂಗಸರಿಗೆ ವ್ಯಾಪಾರದ ಚಾತುರ್ಯ ಸಾಲದು ಎಂದು ಕೈತೊಳೆದುಕೊಳ್ಳಲು ಇಷ್ಟು ಸಾಕಾಗಿತ್ತು. ಆದರೆ 2019ರಲ್ಲಿ ನಾಲ್ವರು ಸಂಶೋಧಕರು ಭಾರತ, ಶ್ರೀಲಂಕಾ ಮತ್ತು ಘಾನಾದ ಮಾಹಿತಿಯನ್ನು ಕುಟುಂಬವಾರು ಬಿಡಿಸಿ ನೋಡಿದಾಗ ಚಿತ್ರವೇ ಬದಲಾಯಿತು. ಮನೆಯಲ್ಲಿ ಗಂಡನದೂ ಒಂದು ವ್ಯಾಪಾರವಿದ್ದ ಕಡೆ ಹೆಂಡತಿಯ ಕೈಗೆ ಬಂದ ಹಣ ಅತ್ತ ಹರಿದಿತ್ತು. ಆಕೆಯದೇ ಮನೆಯ ಏಕೈಕ ಉದ್ದಿಮೆಯಾಗಿದ್ದಲ್ಲಿ ಬಂಡವಾಳದ ಮೇಲಿನ ಗಳಿಕೆ ಗಂಡಸರಷ್ಟೇ ಇತ್ತು. ಅಂದರೆ ಸಾಲದ ಪತ್ರಕ್ಕೆ ಸಹಿ ಆಕೆಯದು, ಕಂತಿನ ಹೊಣೆ ಆಕೆಯದು, ಬಂಡವಾಳ ಮಾತ್ರ ಇನ್ನೊಬ್ಬರ ಗಲ್ಲಾಪೆಟ್ಟಿಗೆಯದು. ಗಂಡನ ವ್ಯಾಪಾರವೂ ಮನೆಯ ವ್ಯಾಪಾರವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಕುಟುಂಬಕ್ಕೆ ಅದರಿಂದ ನಷ್ಟವಾಗದಿರಬಹುದು. ಆದರೆ ‘ಮಹಿಳಾ ಉದ್ಯಮಶೀಲತೆ’ ಎಂಬ ಶೀರ್ಷಿಕೆಯ ಕೆಳಗೆ ಆ ಹಣವನ್ನು ಖರ್ಚು ಬರೆದುಕೊಂಡವರು ಮಾತ್ರ ಯೋಚಿಸಲೇಬೇಕು.

ಇದಕ್ಕೆ ದೊಡ್ಡ ಪರಿಹಾರವೇ ಬೇಕೆಂದಿಲ್ಲ. ಉಗಾಂಡಾದಲ್ಲಿ ಸುಮಾರು 3,000 ಸಾಲಗಾರ್ತಿಯರ ನಡುವೆ ನಡೆದ ಪ್ರಯೋಗದಲ್ಲಿ ಕೆಲವರಿಗೆ ಸಾಲವನ್ನು ನಗದಾಗಿ ಎಣಿಸಿ ಕೊಡದೆ, ಅವರದೇ ಮೊಬೈಲ್ ಹಣದ ಖಾತೆಗೆ ಜಮೆ ಮಾಡಲಾಯಿತು. ಸಾಲದ ಮೊತ್ತ, ಬಡ್ಡಿ, ಕಂತು ಯಾವುದೂ ಬದಲಾಗಲಿಲ್ಲ. ಎಂಟು ತಿಂಗಳಲ್ಲಿ ಅವರ ಉದ್ದಿಮೆಯ ಬಂಡವಾಳ ಶೇ. 11ರಷ್ಟು, ಲಾಭ ಶೇ. 15ರಷ್ಟು ಹೆಚ್ಚಾಗಿತ್ತು, ಮನೆಯವರು ಹಣ ಕೇಳುವ ಒತ್ತಡ ಹೆಚ್ಚಾಗಿದ್ದವರಿಗೇ ಪ್ರಯೋಜನವೂ ಹೆಚ್ಚಾಗಿತ್ತು. ಸೆರಗಿನ ಗಂಟಿನಲ್ಲಿರುವ ನೋಟು ಎಲ್ಲರ ಕಣ್ಣಿಗೆ ಬೀಳುತ್ತದೆ, ಖಾತೆಯಲ್ಲಿರುವುದು ಬೀಳುವುದಿಲ್ಲ. ಇದು ಹೊಸ ಅರಿವೂ ಅಲ್ಲ. ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘಟನೆಯ ಇಳಾ ಭಟ್ ಮತ್ತು ಅವರ ಸಂಗಡಿಗರು 1974ರಲ್ಲಿ ಅಹಮದಾಬಾದಿನಲ್ಲಿ ಸೇವಾ ಬ್ಯಾಂಕನ್ನು ಕಟ್ಟಿದಾಗ, ತಲಾ ಹತ್ತು ರೂಪಾಯಿ ಹಾಕಿದ 4,000 ಹೆಂಗಸರು ಅದರ ಒಡತಿಯರಾಗಿದ್ದರು. ಸಾಲಕ್ಕಿಂತ ಮೊದಲು ತಮ್ಮದೇ ಹೆಸರಿನ ಉಳಿತಾಯ ಖಾತೆ ಎಂಬ ಕ್ರಮವನ್ನು ಅವರು ಅಂದೇ ಇಟ್ಟುಕೊಂಡಿದ್ದರು. ಕೆನ್ಯಾದ ಸಂತೆಯ ವ್ಯಾಪಾರಿ ಹೆಂಗಸರಿಗೆ ಬಡ್ಡಿಯೂ ಇಲ್ಲದ ಬರಿಯ ಉಳಿತಾಯ ಖಾತೆ ತೆರೆದುಕೊಟ್ಟಾಗ ಅವರು ವ್ಯಾಪಾರಕ್ಕೆ ತೊಡಗಿಸುವ ಹಣ ಶೇ. 38ರಿಂದ 56ರಷ್ಟು ಏರಿದ್ದನ್ನು 2013ರ ಅಧ್ಯಯನವೊಂದು ದಾಖಲಿಸಿದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು: ಮೊತ್ತ ಸಾಲದೆಂಬುದು ಕೆಲವರ ವಿಷಯದಲ್ಲಿ ನಿಜ, ಬಹಳ ಮಂದಿಯ ವಿಷಯದಲ್ಲಿ ಹಣ ಅವರ ಹಿಡಿತದಲ್ಲಿ ಉಳಿಯದಿರುವುದೇ ಅಡಚಣೆ.

ಪ್ರಶ್ನೆ: ಗಂಡನ ಸಹಿಯಿಲ್ಲದೆ ಹೆಂಡತಿಗೆ ವ್ಯಾಪಾರ ಆರಂಭಿಸಲು ಆಗದ ದೇಶಗಳು ಇದ್ದವೆಂದು ಓದಿದೆ. ಇದು ಹಿಂದಿನ ಶತಮಾನಗಳ ಕಥೆಯೇ?

ಉತ್ತರ: ನಮ್ಮ ಕಾಲದ್ದೇ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ವಿವಾಹಿತೆಯು ಉದ್ದಿಮೆ ನೋಂದಾಯಿಸಲು ಮತ್ತು ಬ್ಯಾಂಕ್ ಖಾತೆ ತೆರೆಯಲು ಗಂಡನ ಅನುಮತಿ ಪಡೆಯಬೇಕೆಂಬ ನಿಯಮ ಹೋದದ್ದು 2016ರ ಕುಟುಂಬ ಸಂಹಿತೆಯ ತಿದ್ದುಪಡಿಯಿಂದ. ಬಡ ದೇಶಗಳಿಗಷ್ಟೇ ಇದನ್ನು ಕಟ್ಟಬೇಕಿಲ್ಲ. ಅಮೆರಿಕದಲ್ಲಿ ಸಾಲ ಕೊಡುವಾಗ ಲಿಂಗಭೇದ ಮಾಡಬಾರದೆಂಬ ಕಾಯ್ದೆ 1974ರಲ್ಲಿ ಬಂದರೂ, ಉದ್ದಿಮೆಯ ಸಾಲಕ್ಕೆ ಗಂಡನೋ ತಂದೆಯೋ ಸಹಿ ಹಾಕಬೇಕೆಂಬ ಕೆಲವು ರಾಜ್ಯಗಳ ನಿಯಮಗಳು ಕೊನೆಗೊಂಡದ್ದು 1988ರಲ್ಲಿ.

ಕಾನೂನು ಸರಿಯಾದ ಮೇಲೂ ಅಡಮಾನದ ಪ್ರಶ್ನೆ ಉಳಿಯುತ್ತದೆ. ಬ್ಯಾಂಕಿಗೆ ಬೇಕಾದದ್ದು ನೆಲ ಮತ್ತು ಕಟ್ಟಡ. ಸಣ್ಣ ಉದ್ದಿಮೆಯವರ ಬಳಿ ಇರುವುದು ಯಂತ್ರ, ದಾಸ್ತಾನು ಮತ್ತು ಬರಬೇಕಾದ ಬಾಕಿ. ಇಂತಹ ಚರಾಸ್ತಿಯ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬುದನ್ನು ದಾಖಲಿಸುವ ನೋಂದಣಿ ವ್ಯವಸ್ಥೆಯನ್ನು ಆಫ್ರಿಕದಲ್ಲಿ ಮೊದಲು ತಂದದ್ದು ಘಾನಾ, 2010ರಲ್ಲಿ. ಒಂದೇ ಹೊಲಿಗೆ ಯಂತ್ರವನ್ನು ಇಬ್ಬರಲ್ಲಿ ಅಡವಿಟ್ಟಿಲ್ಲವೆಂಬ ಖಾತರಿ ಸಿಕ್ಕರೆ ಬ್ಯಾಂಕ್ ಅದನ್ನು ನಂಬಿ ಸಾಲ ಕೊಡಬಲ್ಲದು. ಹೆಸರಿನಲ್ಲಿ ಭೂಮಿ ಇಲ್ಲದ ಹೆಂಗಸರಿಗೂ ಆಸ್ತಿ ಹಂಚಿಕೆಗೆ ಇನ್ನೂ ಕಾದಿರುವ ತರುಣರಿಗೂ ಇದರಿಂದ ಆಗುವ ಉಪಕಾರ ಯಾವ ಪ್ರೇರಣಾ ಶಿಬಿರಕ್ಕೂ ಕಡಿಮೆಯದಲ್ಲ.

ಪ್ರಶ್ನೆ: ಶಿಬಿರದ ಮಾತು ಬಂದರೆ ನನ್ನದೂ ಒಂದು ಪ್ರಶ್ನೆ. ಮಹಿಳೆಯರಿಗಾಗಿ ನಡೆಸುವ ಉದ್ಯಮ ತರಬೇತಿಗಳಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಏನನ್ನು ಕಲಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಟೋಗೊ ದೇಶದ ಲೋಮೆ ನಗರದಲ್ಲಿ 1,500 ಕಿರು ಉದ್ದಿಮೆಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಲೆಕ್ಕಪತ್ರ, ಮಾರಾಟ ಮುಂತಾದ ವಾಡಿಕೆಯ ಪಾಠ ಹೇಳಿದರು. ಇನ್ನೊಂದಕ್ಕೆ ತಾನಾಗಿ ಮುಂದುವರಿಯುವುದು, ಬರಲಿರುವ ಅವಕಾಶವನ್ನೂ ಅಡ್ಡಿಯನ್ನೂ ಮೊದಲೇ ಊಹಿಸುವುದು, ಸೋತಾಗ ಬೇರೆ ದಾರಿ ಹುಡುಕುವುದು ಇವನ್ನು ಅಭ್ಯಾಸ ಮಾಡಿಸಿದರು. ಮೂರನೆಯ ಗುಂಪಿಗೆ ತರಬೇತಿ ಇರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯ ಗುಂಪಿನ ಲಾಭ ಶೇ. 30ರಷ್ಟು ಏರಿತು, ಅದರಲ್ಲೂ ಹೆಂಗಸರ ಲಾಭ ಶೇ. 40. ವಾಡಿಕೆಯ ಪಾಠ ಕೇಳಿದ ಹೆಂಗಸರಲ್ಲಿ ಏರಿಕೆ ಶೇ. 5 ಮಾತ್ರ. ಲೆಕ್ಕ ಬರೆಯುವುದು ವ್ಯರ್ಥವೆಂದು ಇದರಿಂದ ತಿಳಿಯಬಾರದು. ಬರೆಯಲು ಮೊದಲು ಏನಾದರೂ ಬೆಳೆಯಬೇಕು.

ಯಾವ ಕಸುಬು ಎಂಬುದು ತರಬೇತಿಗಿಂತ ದೊಡ್ಡ ಸಂಗತಿ ಎಂದೂ ನನಗನ್ನಿಸುತ್ತದೆ. ಉಗಾಂಡಾದ ಕಂಪಾಲಾ ನಗರದ ಕಾಟ್ವೆ ಪ್ರದೇಶದಲ್ಲಿ ಬೆಸುಗೆ, ಲೋಹದ ಕೆಲಸ, ಮರಗೆಲಸಗಳು ಗಂಡಸರವೆಂದೂ, ಕೇಶಾಲಂಕಾರ, ಹೊಲಿಗೆ, ಅಡುಗೆ ಹೆಂಗಸರವೆಂದೂ ಬಳಕೆ. ಗಂಡಸರ ಕಸುಬಿಗೆ ದಾಟಿದ ಹೆಂಗಸರು ಅಲ್ಲಿನ ಗಂಡಸರಷ್ಟೇ ಗಳಿಸುತ್ತಿದ್ದರು, ದಾಟದೆ ಉಳಿದ ಹೆಂಗಸರಿಗಿಂತ ಮೂರು ಪಟ್ಟು ಹೆಚ್ಚು ಗಳಿಸುತ್ತಿದ್ದರು ಎಂದು ವಿಶ್ವಬ್ಯಾಂಕಿನ ಸಂಶೋಧಕರು ಕಂಡುಕೊಂಡರು. ದಾಟಿದವರನ್ನು ಆ ಕಸುಬಿಗೆ ಕೈಹಿಡಿದು ತಂದವರು ಬಹುಪಾಲು ತಂದೆಯೋ ಅಣ್ಣನೋ ಪರಿಚಯದ ಗಂಡಸೋ ಆಗಿದ್ದರು. ದಾಟದವರಲ್ಲಿ ಹೆಚ್ಚಿನವರಿಗೆ ಗಳಿಕೆಯಲ್ಲಿ ಇಷ್ಟು ಅಂತರವಿದೆ ಎಂಬ ಸುದ್ದಿಯೇ ಮುಟ್ಟಿರಲಿಲ್ಲ. ತರಬೇತಿ ಕೇಂದ್ರಗಳು ಮತ್ತೆ ಮತ್ತೆ ಹೊಲಿಗೆಯನ್ನೇ ಕಲಿಸಿ, ಒಂದೇ ಬೀದಿಯಲ್ಲಿ ಹತ್ತು ಹೊಲಿಗೆ ಅಂಗಡಿಗಳು ಒಂದರ ಗಿರಾಕಿಯನ್ನು ಇನ್ನೊಂದು ಸೆಳೆದುಕೊಳ್ಳುವಂತೆ ಮಾಡುವುದನ್ನು ಬೆಂಬಲವೆಂದು ಕರೆಯಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಕೆಲಸಕ್ಕೆ ಸೇರಲಾರೆ, ಸ್ವಂತ ಉದ್ದಿಮೆಯನ್ನೇ ಮಾಡುತ್ತೇನೆ, ವಯಸ್ಸಾದ ಮೇಲೆ ಧೈರ್ಯ ಬರುವುದಿಲ್ಲ ಎನ್ನುತ್ತಾನೆ. ತಂದೆಯಾಗಿ ನಾನು ಅಡ್ಡ ಬರಬೇಕೆ, ಬೆಂಬಲಿಸಬೇಕೆ?

ಉತ್ತರ: ಅಡ್ಡ ಬರಬೇಡಿ, ಒಂದೆರಡು ವರ್ಷ ತಡೆಯಲು ಹೇಳಿ. ಬಹುಬೇಗ ಬೆಳೆದ ಕಂಪನಿಗಳನ್ನು ಕಟ್ಟಿದವರೆಲ್ಲ ಇಪ್ಪತ್ತರ ಹರೆಯದವರೆಂಬ ನಂಬಿಕೆ ಪತ್ರಿಕೆಗಳ ಮುಖಪುಟಗಳಿಂದ ಹುಟ್ಟಿದ್ದು. ಅಮೆರಿಕದ ಜನಗಣತಿ ಇಲಾಖೆಯ ಮಾಹಿತಿಯನ್ನು ಆಧರಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯ ಸ್ಥಾಪಕರ ಸರಾಸರಿ ವಯಸ್ಸು ಸ್ಥಾಪನೆಯ ಹೊತ್ತಿಗೆ 45 ಆಗಿತ್ತು. ಅದೇ ಕ್ಷೇತ್ರದಲ್ಲಿ ಮೊದಲು ದುಡಿದಿದ್ದವರು ಗೆಲ್ಲುವ ಸಾಧ್ಯತೆ ಸಾಕಷ್ಟು ಹೆಚ್ಚಿತ್ತು. ಕಚ್ಚಾ ಸಾಮಗ್ರಿ ಎಲ್ಲಿ ಅಗ್ಗ, ಯಾವ ಗಿರಾಕಿ ಬಾಕಿ ಉಳಿಸುತ್ತಾನೆ, ಯಾವ ತಿಂಗಳು ಮಾರಾಟ ಬೀಳುತ್ತದೆ ಎಂಬುದನ್ನು ಇನ್ನೊಬ್ಬರ ಸಂಬಳದಲ್ಲಿ ಕಲಿಯುವುದು ಅಗ್ಗದ ವಿದ್ಯೆ.

ಹಾಗೆಂದು ತರುಣರಿಗೆ ಹಣ ಕೊಡುವುದು ವ್ಯರ್ಥವೆಂದಲ್ಲ. ಉತ್ತರ ಉಗಾಂಡಾದಲ್ಲಿ 2008ರಲ್ಲಿ ಸರ್ಕಾರವು ಯುವಜನರ ಗುಂಪುಗಳಿಗೆ ಕಸುಬು ಕಲಿಯಲು ಮತ್ತು ಉಪಕರಣ ಕೊಳ್ಳಲು ತಲಾ ಸುಮಾರು 382 ಡಾಲರ್ ಸಹಾಯಧನ ಕೊಟ್ಟಿತು. ನಾಲ್ಕು ವರ್ಷಗಳ ನಂತರ ಅವರ ಗಳಿಕೆ, ಹಣ ಸಿಗದವರಿಗಿಂತ ಶೇ. 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷಗಳ ಹೊತ್ತಿಗೆ ಉಳಿದವರು ಅವರನ್ನು ಬಹುಮಟ್ಟಿಗೆ ಸರಿಗಟ್ಟಿದ್ದರು. ಸಹಾಯಧನವು ನಡುವಿನ ಕೆಲವು ವರ್ಷಗಳ ತೊಳಲಾಟವನ್ನು ಉಳಿಸಿತು ಎನ್ನಬಹುದು. ಆ ವಯಸ್ಸಿನಲ್ಲಿ ಅದೂ ಸಣ್ಣ ಮಾತಲ್ಲ. ನಿಮ್ಮ ಮಗನ ವಿಷಯದಲ್ಲಿ ಒಂದು ಪರೀಕ್ಷೆ ಸೂಚಿಸುತ್ತೇನೆ: ಬಂಧುವೂ ಗೆಳೆಯನೂ ಅಲ್ಲದ ಒಬ್ಬ ಗಿರಾಕಿಯಿಂದ ಮುಂಗಡ ಪಡೆದು ಬರಲಿ. ಅದಾದ ಮೇಲೆ ಬಂಡವಾಳದ ಮಾತು ಆಡಿ.

ಪ್ರಶ್ನೆ: ಹೂಡಿಕೆದಾರರು ಯುವತಿಯರ ಕಂಪನಿಗಳಿಗೆ ಹಣ ಕೊಡಲು ಹಿಂದೆಗೆಯುತ್ತಾರೆಂಬ ದೂರು ನಿಜವೇ? ಯೋಜನೆ ಚೆನ್ನಾಗಿದ್ದರೆ ಯಾರು ಬೇಡ ಎನ್ನುತ್ತಾರೆ?

ಉತ್ತರ: ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪ್ರಶ್ನೆಯನ್ನೇ ಬೇರೆಯಾಗಿ ಕೇಳುತ್ತಾರೆ. ನ್ಯೂಯಾರ್ಕಿನಲ್ಲಿ 2010ರಿಂದ 2016ರವರೆಗೆ ನಡೆದ ಒಂದು ಹೆಸರಾಂತ ನವೋದ್ಯಮ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಸಂಶೋಧಕರು ಪದಶಃ ಪರಿಶೀಲಿಸಿದರು. ಗಂಡಸರಿಗೆ ಹಾಕಿದ ಪ್ರಶ್ನೆಗಳಲ್ಲಿ ಶೇ. 67ರಷ್ಟು ‘ಎಷ್ಟು ಬೆಳೆಯುತ್ತೀರಿ, ಹೊಸ ಗಿರಾಕಿಗಳನ್ನು ಹೇಗೆ ಹಿಡಿಯುತ್ತೀರಿ’ ಎಂಬ ಧಾಟಿಯವು. ಹೆಂಗಸರಿಗೆ ಹಾಕಿದವುಗಳಲ್ಲಿ ಶೇ. 66ರಷ್ಟು ‘ಇರುವ ಗಿರಾಕಿಗಳನ್ನು ಹೇಗೆ ಉಳಿಸಿಕೊಳ್ಳುತ್ತೀರಿ, ನಷ್ಟವಾದರೆ ಏನು ಗತಿ’ ಎಂಬ ಧಾಟಿಯವು. ಕೇಳುವವರಲ್ಲಿ ಗಂಡಸರು, ಹೆಂಗಸರು ಇಬ್ಬರೂ ಇದನ್ನೇ ಮಾಡಿದ್ದರು. ಬೆಳವಣಿಗೆಯ ಪ್ರಶ್ನೆ ಎದುರಿಸಿದವರು ಮುಂದೆ ಹಲವು ಪಟ್ಟು ಹೆಚ್ಚು ಬಂಡವಾಳ ಪಡೆದರು. ನಷ್ಟದ ಪ್ರಶ್ನೆಗೆ ಉತ್ತರಿಸುವಾಗ ಮಾತನ್ನು ಬೆಳವಣಿಗೆಯ ಕಡೆಗೆ ತಿರುಗಿಸಿದವರಿಗೆ ಪರಿಸ್ಥಿತಿ ಸುಧಾರಿಸಿದ್ದೂ ಕಂಡಿತು. ಸಂದರ್ಶನಕ್ಕೆ ಹೋಗುವ ಯುವತಿಯರು ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಂಡರೆ ಒಳಿತು.

ಪ್ರಶ್ನೆ: ಸಾಲ, ತರಬೇತಿ, ಹೂಡಿಕೆ ಎಲ್ಲವೂ ಸರಿ. ತಯಾರಾದ ಸರಕನ್ನು ಕೊಳ್ಳುವವರು ಯಾರು? ಸರ್ಕಾರಗಳು ಈ ದಿಕ್ಕಿನಲ್ಲಿ ಏನು ಮಾಡಬಹುದು?

ಉತ್ತರ: ಸರ್ಕಾರಗಳು ತಾವೇ ಕೊಳ್ಳಬಹುದು. ಯಾವ ದೇಶದಲ್ಲಾದರೂ ಸರ್ಕಾರವೇ ದೊಡ್ಡ ಗಿರಾಕಿ. ಕೆನ್ಯಾ 2013ರಿಂದ ಸರ್ಕಾರಿ ಖರೀದಿಯಲ್ಲಿ ಶೇ. 30ನ್ನು ಮಹಿಳೆಯರು, ಯುವಜನರು ಮತ್ತು ಅಂಗವಿಕಲರ ಉದ್ದಿಮೆಗಳಿಗೆ ಮೀಸಲಿಟ್ಟಿದೆ. ಅಮೆರಿಕದ ಒಕ್ಕೂಟ ಸರ್ಕಾರವು ಗುತ್ತಿಗೆಗಳಲ್ಲಿ ಶೇ. 5 ಮಹಿಳೆಯರ ಸಣ್ಣ ಉದ್ದಿಮೆಗಳಿಗೆ ಹೋಗಬೇಕೆಂಬ ಗುರಿಯನ್ನು 1994ರ ಕಾಯ್ದೆಯಲ್ಲಿ ಇಟ್ಟುಕೊಂಡಿತಾದರೂ ಅದನ್ನು ಮೊದಲ ಬಾರಿ ಮುಟ್ಟಿದ್ದು 2015ರ ಆರ್ಥಿಕ ವರ್ಷದಲ್ಲಿ. ಗುರಿ ಬರೆಯುವುದಕ್ಕೂ ಟೆಂಡರ್ ಸಿಗುವುದಕ್ಕೂ ನಡುವಿನ ದೂರ ಅಷ್ಟಿದೆ. ಇಂತಹ ಮೀಸಲಾತಿ ಇರುವಲ್ಲೆಲ್ಲ ಹೆಂಡತಿಯ ಹೆಸರನ್ನು ಕಾಗದದ ಮೇಲೆ ಬರೆಸಿ ಗುತ್ತಿಗೆ ಹೊಡೆಯುವ ಚಾಳಿಯೂ ಹುಟ್ಟಿಕೊಳ್ಳುತ್ತದೆ. ಅದಕ್ಕಾಗಿಯೇ ಅಮೆರಿಕದ ನಿಯಮವು ಶೇ. 51ರ ಒಡೆತನ ಸಾಲದೆಂದು, ದಿನನಿತ್ಯದ ಆಡಳಿತವೂ ಮಹಿಳೆಯ ಕೈಯಲ್ಲೇ ಇರಬೇಕೆಂದು ಕೇಳುತ್ತದೆ.

ಗುತ್ತಿಗೆ ಸಿಕ್ಕವರನ್ನು ಕೊನೆಗೆ ಮುಳುಗಿಸುವುದು ಬಿಲ್ಲಿನ ವಿಳಂಬ. ಸರಕು ಕೊಟ್ಟು ಆರು ತಿಂಗಳು ಕಾಯಬಲ್ಲ ಶಕ್ತಿ ದೊಡ್ಡ ಕಂಪನಿಗೆ ಇರುತ್ತದೆ. ಇಬ್ಬರು ಕೆಲಸಗಾರರಿಗೆ ವಾರದ ಕೂಲಿ ಕೊಡಬೇಕಾದವರು ಅಷ್ಟರೊಳಗೆ ಕೈಸಾಲದ ಬಡ್ಡಿಗೆ ಬಿದ್ದಿರುತ್ತಾರೆ, ಸಿಕ್ಕ ಗುತ್ತಿಗೆಯೇ ಶಾಪವಾಗಿರುತ್ತದೆ. ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬಡ್ಡಿ ಕೊಡಬೇಕು ಎಂದು ಐರೋಪ್ಯ ಒಕ್ಕೂಟ 2011ರಲ್ಲಿ ನಿರ್ದೇಶನ ಹೊರಡಿಸಿತು. ಮೆಕ್ಸಿಕೊದ ಸರ್ಕಾರಿ ಅಭಿವೃದ್ಧಿ ಬ್ಯಾಂಕಾದ ನಾಫಿನ್ 2001ರಲ್ಲಿ ಬೇರೊಂದು ದಾರಿ ಹಿಡಿಯಿತು. ಸಣ್ಣ ಉದ್ದಿಮೆಯ ಬಿಲ್ಲನ್ನು ದೊಡ್ಡ ಖರೀದಿದಾರ ಒಪ್ಪಿ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ದಾಖಲಿಸಿದ ಕೂಡಲೇ ಬ್ಯಾಂಕ್ ಅಲ್ಪ ಕಡಿತ ಮುರಿದುಕೊಂಡು ಹಣ ಕೊಡುತ್ತದೆ, ಅವಧಿ ಬಂದಾಗ ಖರೀದಿದಾರನಿಂದ ವಸೂಲು ಮಾಡಿಕೊಳ್ಳುತ್ತದೆ. ಬಡ್ಡಿಯ ದರ ನಿಲ್ಲುವುದು ದೊಡ್ಡವರ ಸಾಲಯೋಗ್ಯತೆಯ ಮೇಲೆ, ನಗದು ಸೇರುವುದು ಸಣ್ಣವರಿಗೆ. ಮಹಿಳೆ, ಯುವಜನ ಎಂಬ ಹೆಸರನ್ನೇ ಎತ್ತದ ಈ ಬಗೆಯ ಏರ್ಪಾಡು ಅವರಿಗೇ ಹೆಚ್ಚು ನೆರವಾಗುತ್ತದೆ, ಏಕೆಂದರೆ ಕಾಯುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವುದು ಅವರಿಗೇ.

ಪ್ರಶ್ನೆ: ನಾನು ಸರ್ಕಾರವಲ್ಲ, ಬ್ಯಾಂಕಲ್ಲ, ಸಾಧಾರಣ ಗಿರಾಕಿ. ನನ್ನಿಂದ ಏನಾದೀತು?

ಉತ್ತರ: ಚೌಕಾಸಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ಅದು ವ್ಯಾಪಾರದ ಒಂದು ಭಾಗ. ಮರುಕದಿಂದ ಒಮ್ಮೆ ಕೊಂಡು ಮತ್ತೆ ಆ ಕಡೆ ತಲೆಹಾಕದ ಹತ್ತು ಗಿರಾಕಿಗಳಿಗಿಂತ, ತೃಪ್ತಿಯಾದರೆ ಮತ್ತೆ ಬರುವ, ಆಗದಿದ್ದರೆ ಕೊರತೆಯನ್ನು ಮುಖಕ್ಕೆ ಹೇಳುವ ಒಬ್ಬರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ದೊಡ್ಡ ಕೆಲಸ ಒಪ್ಪಿಸುವಾಗ ಸಾಮಗ್ರಿಯ ಖರ್ಚಿನಷ್ಟು ಮುಂಗಡ ಕೊಡಿ. ಸರಕು ಕೈಗೆ ಬಂದ ದಿನವೇ ಬಾಕಿ ತೀರಿಸಿ, ಅದೂ ವ್ಯಾಪಾರ ನಡೆಸುವ ಮಹಿಳೆಯದೇ ಹೆಸರಿನ ಖಾತೆಗೆ.